ಗೆದ್ದ ಆದಿತ್ಯವಾರ

ನಿನ್ನೆ ಕಪಾಟು ಸರಿಸಿದಾಗ ಅದರ ಹಿಂದಿನಿಂದ ಹಳದಿಗಟ್ಟಿದ ಗಾಲ್ಫ್ ಚೆಂಡೊಂದು ಉರುಳಿ ಬಂತು. ಸೋಲಾಪುರದ ನನ್ನಂಥ ಬಟ್ಟೆ ವ್ಯಾಪಾರಿಗೂ ಗಾಲ್ಫಿಗೂ ಎಲ್ಲಿಯ ನಂಟು ಎಂದು ನೀವು ನಗಬಹುದು. ಎಪ್ಪತ್ತರ ದಶಕದಲ್ಲಿ ನಮ್ಮ ಓಣಿಯವರೂ ಹಾಗೇ ನಕ್ಕಿದ್ದರು.

ಆ ಹುಚ್ಚು ಹಚ್ಚಿದವರು ಇಂಜಿನಿಯರ್ ಕಾಕಾ. ಬಟ್ಟೆ ಗಿರಣಿಯಿಂದ ನಿವೃತ್ತರಾಗಿ ವಿಜಾಪುರ ರಸ್ತೆಯಲ್ಲಿ ಒಬ್ಬರೇ ಇದ್ದರು. ಊರು ಬಿಟ್ಟುಹೋದ ಸಾಹೇಬನೊಬ್ಬ ಕೊಟ್ಟ ಗಾಲ್ಫ್ ಕೋಲುಗಳು ಅವರ ಬಳಿ ಇದ್ದವು. ಊರಾಚೆ ಬೋರಾಮಣಿಯ ಹುಲ್ಲುಗಾವಲಿನಲ್ಲಿ ಎಣ್ಣೆಯ ಡಬ್ಬಿಗಳನ್ನು ಹೂತು, ಅವನ್ನೇ ಕುಳಿ ಮಾಡಿಕೊಂಡು, ಆದಿತ್ಯವಾರ ಬೆಳಿಗ್ಗೆ ನಾವಿಬ್ಬರೇ ಆಡುತ್ತಿದ್ದೆವು. ಕಡಿಮೆ ಹೊಡೆತದಲ್ಲಿ ಮುಗಿಸಿದವನು ಗೆದ್ದಂತೆ. ಮೂರು ವರ್ಷ ಅವರೇ ಗೆದ್ದರು.

ನನ್ನ ಚೆಂಡು ದೂರ ಹೋಗುವುದಿಲ್ಲ, ಅದೇ ನನ್ನ ದೋಷ ಎಂದು ನಂಬಿದ್ದೆ. ತೋಳಿಗೆ ಬಲ ಬರಲೆಂದು ದಿನಾ ಸಾಮು ಮಾಡಿದೆ. ಅಂಗಿಯ ತೋಳು ಬಿಗಿಯಾಯಿತೇ ಹೊರತು ಆಟ ಇದ್ದಲ್ಲೇ ಇತ್ತು.

ಒಮ್ಮೆ ಅಕ್ಕಲಕೋಟದಲ್ಲಿ ದರ್ಶನ ಮುಗಿಸಿಕೊಂಡು ನಾಗಣಸೂರದ ದಾಜಿ ಬಂದರು. ದಾಜಿ ಎಂದರೆ ನನ್ನ ಅಕ್ಕನ ಗಂಡ, ಒಕ್ಕಲುತನದ ಮನುಷ್ಯ. ಗಾಲ್ಫಿನ ಹೆಸರೂ ಕೇಳಿದವರಲ್ಲ. ಬೇವಿನ ನೆರಳಿಗೆ ಕೂತು ಇಡೀ ಆಟ ನೋಡಿದರು. ಮರಳುವಾಗ ಮೆಲ್ಲಗೆ ಕೇಳಿದರು:

"ತಮ್ಮಾ, ದೂರಿಂದ ಚಲೋನ ಹೊಡೀತಿ. ಡಬ್ಬಿ ಹತ್ತಿರ ಬಂದ ಕೂಡ್ಲೆ ಕಾಕಾರ ಮಾರಿ ನೋಡ್ತಿ. ಯಾಕ?"

"ನಾ? ಇಲ್ರಿ ದಾಜಿ."

"ನೋಡ್ತಿ. ಆಮ್ಯಾಲ ಗಡಿಬಿಡಿ ಮಾಡಿ ಹೊಡೀತಿ. ಮಾರಿ ಬಿಟ್ಟು ಚೆಂಡ್ ನೋಡು."

ಮುಂದಿನ ಆದಿತ್ಯವಾರ ತಲೆ ಎತ್ತಲೇ ಇಲ್ಲ. ಗೆದ್ದುಬಿಟ್ಟೆ. ಕಾಕಾ "ಶಾಬಾಸ್" ಎಂದು ಬೆನ್ನು ತಟ್ಟಿ, ಕೋಲುಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕಿಟ್ಟರು. ಮರುವಾರ ಬರಲಿಲ್ಲ. ಅದರಾಚೆಯ ವಾರವೂ ಬರಲಿಲ್ಲ.

ಮನೆಗೇ ಹೋದೆ. ಚಹಾ ಕೊಟ್ಟರು. ಆಮೇಲೆ, "ಖರೇ ಹೇಳು. ಮೂರ ವರ್ಷ ನೀ ಬೇಕಂತ ಸೋಲ್ತಿದ್ದೇನು?" ಎಂದರು.

"ಆಣಿ ಮಾಡಿ ಹೇಳ್ತೀನ್ರಿ ಕಾಕಾ, ಇಲ್ಲ."

"ಮತ್ತ ಒಂದ ವಾರದಾಗ ಹ್ಯಾಂಗ ಕಲ್ತಿ?"

ದಾಜಿಯ ಮಾತು ತಿಳಿಸಲು ಬಾಯಿ ತೆರೆದೆ. ಅವರ ಮುಖ ನೋಡಿ ಸೋಲುತ್ತಿದ್ದೆ ಎಂದರೆ ಅವರ ಅನುಮಾನವೇ ಗಟ್ಟಿಯಾಗುತ್ತದಲ್ಲ ಎನ್ನಿಸಿ ಮುಚ್ಚಿದೆ. ಸ್ಕೂಟರ್ ಮೇಲೆ ಮರಳುವಾಗ ನನಗೇ ತಲೆ ಕೆಟ್ಟಿತು. ಸೋಲಲೆಂದೇ ಆ ಮುಖ ನೋಡುತ್ತಿದ್ದೆನೇ? ನನ್ನಲ್ಲಿದ್ದದ್ದು ಆಟದ ದೋಷವೋ, ಒಂಟಿ ಜೀವದ ಮೇಲಿನ ಅಕ್ಕರೆಯೋ?

ಕೆಲವು ವಾರಗಳ ಮೇಲೆ ಕಾಕಾ ತಾವಾಗಿಯೇ ಬಂದರು. ಅಂದು ನಾನು ಸೋತೆ. ಕೊನೆಯ ಚೆಂಡು ಡಬ್ಬಿಯ ಅಂಚು ಸವರಿ ಆಚೆ ಹೋಯಿತು. ಬೇಕಂತಲೇ ಹೊಡೆದೆನೋ, ಗುರಿ ತಪ್ಪಿತೋ, ಇಂದಿಗೂ ಹೇಳಲಾರೆ. ತಮ್ಮ ಗೆಲುವನ್ನು ನಂಬಬೇಕೋ ಬೇಡವೋ ತಿಳಿಯದೆ ಕಾಕಾ ನನ್ನನ್ನೇ ನೋಡುತ್ತ ನಿಂತರು. ಆಮೇಲೆಯೂ ಅವರು ಇರುವವರೆಗೆ ಆಡಿದೆವು. ಯಾರು ಗೆದ್ದರೆಂದು ಮಾತ್ರ ಇಬ್ಬರೂ ಕೇಳಲಿಲ್ಲ.

ಈಗ ನನಗೆ ಆಗಿನ ಕಾಕಾರ ವಯಸ್ಸು. ಸಂಜೆ ಸೊಸೆಯ ಜೊತೆ ಕೇರಂ ಆಡುತ್ತೇನೆ. ದಿನವೂ ಗೆಲ್ಲುವವನು ನಾನೇ. ನಿನ್ನೆ ಮೂಲೆಯ ಕುಳಿಯ ಬಾಯಲ್ಲೇ ಕೂತಿದ್ದ ಕೆಂಪು ಕಾಯಿಯನ್ನು ಅವಳು ತಪ್ಪಿಸಿದಳು.

"ಮಾವಾರ, ನಿಮ್ಮ ಪಾಳಿ ಅದರಿ," ಎಂದಳು.

ಬೇಕಂತಲೇ ತಪ್ಪಿಸಿದೆಯಾ ಎಂದು ಕೇಳಬೇಕೆಂದುಕೊಂಡೆ. ಕೇಳಲಿಲ್ಲ. ಕಾಯಿಯನ್ನು ಒಳಗೆ ಹಾಕಿ, ಅವಳಿಗೆ ಕೇಳುವಷ್ಟು ಜೋರಾಗಿ ನಕ್ಕೆ.