ಮಾಲ್ಟಾದ ಅವ್ವ ಕಲಿತ ಮಾತು

ಮುಂಬಯಿಯಿಂದ ಹೊರಟ ನಮ್ಮ ಹಡಗು ಮಾಲ್ಟಾ ದ್ವೀಪದಲ್ಲಿ ಒಂದು ದಿನ ನಿಂತಿತ್ತು. ಹಾಳುಬಿದ್ದ ಪುರಾತನ ಕಲ್ಲುಗುಡಿಯನ್ನು ಸುತ್ತಿ, ಹಸಿದು, ಪಕ್ಕದ ಮನೆಯ ನೆರಳಲ್ಲಿ ಕುಳಿತೆ. ಆ ಮನೆಯ ಮುದುಕಿ ಬ್ರೆಡ್ಡಿನ ಮೇಲೆ ಮೀನಿಟ್ಟು ತಂದಳು.

ಶಾಕಾಹಾರಿಯಾದ ನಾನು “ಬ್ಯಾಡ್ರಿ ಅವ್ವಾ, ಬ್ಯಾಡ,” ಎಂದೆ.

ಅವಳು ಒಳಗೆ ಓಡಿ ಬೇಯಿಸಿದ ಎರಡು ತತ್ತಿ ತಂದಳು. ಮತ್ತೆ ‘ಬ್ಯಾಡ’ ಎಂದೆ, ನಾಲ್ಕು ಬಂದವು!

ನನಗೆ ದಾರಿ ತೋರಿಸಲು ಜೊತೆಗೆ ಬಂದಿದ್ದ ಊರಿನವನು ನಕ್ಕುಬಿಟ್ಟ. ಇಲ್ಲಿಯವರ ಮಾತಿನಲ್ಲಿ ‘ಬಯ್ಡ್’ ಎಂದರೆ ತತ್ತಿಯಂತೆ. ನನ್ನ ‘ಬ್ಯಾಡ’ದ ಅರ್ಥವನ್ನು ನನ್ನಿಂದ ಕೇಳಿ ತಿಳಿದು ಅವಳಿಗೂ ಬಿಡಿಸಿ ಹೇಳಿದ.

ನಗುತ್ತಲೇ ಅವಳು ಬರೀ ಬ್ರೆಡ್ಡಿಗೆ ಆಲಿವ್ ಎಣ್ಣೆ ಸುರಿದುಕೊಟ್ಟಳು. ಸವಣೂರಿನಿಂದ ಅಕ್ಕ ಕಟ್ಟಿಕೊಟ್ಟಿದ್ದ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡೆ. ಎರಡು ವಾರದ ಮೇಲೆ ಹೊಟ್ಟೆ ತಣ್ಣಗಾಯಿತು. ಅವಳ ಬಾಯಿಗೂ ಒಂದು ಚಿಟಿಕೆ ಬಿತ್ತು, ಖಾರಕ್ಕೆ ಕಣ್ಣಲ್ಲಿ ನೀರಾಡಿತು.

“ಇನ್ನೊಂದೀಟು ಹಾಕ್ಲೇನ್ರಿ?” ಎಂದು ಪೊಟ್ಟಣ ಚಾಚಿದೆ.

ಎರಡೂ ಕೈ ಅಡ್ಡ ಹಿಡಿದು ಮುದುಕಿ ಕೂಗಿದಳು: “ಬ್ಯಾಡ! ಬ್ಯಾಡ!”