ರೊಜೇರನ ದಾರ

ರೊಜೇರ್ ದಾಲೇರನಿಗೆ ಎಪ್ಪತ್ತೊಂದು ವರ್ಷ. ಅದರಲ್ಲಿ ಮೂವತ್ತೆಂಟನ್ನು ಮರದ ದಿಮ್ಮಿಯ ಲಾರಿ ಓಡಿಸುವುದರಲ್ಲಿ ಕಳೆದ. ಮಿಕ್ಕಿದ್ದನ್ನೆಲ್ಲ ಫೆಬ್ರವರಿಗೆ ಕಾಯುವುದರಲ್ಲಿ ಕಳೆದ ಎಂದು ಅವನ ಹೆಂಡತಿ ಯುಗೆತ್ ಹೇಳುತ್ತಾಳೆ. ಅವಳು ಹೇಳುವುದರಲ್ಲಿ ಅರ್ಧದಷ್ಟು ಬರೀ ಕೊಂಕು, ಆದರೆ ಈ ಮಾತು ಮಾತ್ರ ನಿಜ.

ಫೆಬ್ರವರಿಯ ಎರಡನೇ ವಾರ ನಾವು ಆರು ಜನ, ಹಿಮದ ಮೇಲೆ ಓಡುವ ಆರು ಸ್ನೋಮೊಬೈಲು ಗಾಡಿ ಹತ್ತಿ, ಕಾಡು ಕೆರೆ ಸುತ್ತಿಕೊಂಡು ಐದು ದಿನಕ್ಕೆ ಊರಿಗೆ ಮರಳುತ್ತೇವೆ. ನಾಲ್ಕು ರಾತ್ರಿ ನಾಲ್ಕು ಕಡೆ ಹಾಸಿಗೆ. ಇಪ್ಪತ್ತೇಳು ವರ್ಷದಿಂದ ಯಾವ ದಾರಿ, ಎಲ್ಲಿ ಪೆಟ್ರೋಲು, ಎಲ್ಲಿ ಊಟ, ಎಲ್ಲಿ ನಿದ್ದೆ ಎಂದು ಗೊತ್ತು ಮಾಡುವವನು ರೊಜೇರ್, ಸಾಲಿನ ಮುಂದೆ ಹೋಗುವವನೂ ಅವನೇ. ಅವನ ಬೆನ್ನಿಗೆ ಎರಡನೆಯವಳು ನಾನು, ಕೊಲೊಂಬ್. ಇಗರ್ಜಿಯ ಪಕ್ಕದಲ್ಲಿ ಕ್ಷೌರದ ಅಂಗಡಿ ಇಟ್ಟವಳು. ಇಪ್ಪತ್ತೊಂದು ವರ್ಷ ಅವನ ಕಿತ್ತಳೆ ಬಣ್ಣದ ಜಾಕೆಟ್ಟಿನ ಬೆನ್ನನ್ನು ನೋಡಿದಷ್ಟು ನನ್ನ ಗಂಡನ ಮುಖವನ್ನು ನೋಡಿಲ್ಲ. ಗಂಡ ಬದುಕಿದ್ದಾಗ ಆ ಬಗ್ಗೆ ದೂರಿದ್ದೂ ಇಲ್ಲ, ಪುಣ್ಯಾತ್ಮ.

ನಮ್ಮಲ್ಲಿ ಯೋಜನೆ ಎಂದರೆ ಜನವರಿಯಲ್ಲಿ ಮೂರು ರಾಯರ ಹಬ್ಬ ಕಳೆದ ಮೊದಲ ಭಾನುವಾರ, ರೊಜೇರನ ಅಡುಗೆಮನೆ. ಮೇಜಿನ ಮೇಲೆ ನಕಾಶೆ, ನಕಾಶೆಯ ನಾಲ್ಕು ಮೂಲೆಗೆ ನಾಲ್ಕು ಬಟ್ಟಲು ಬಟಾಣಿ ಸೂಪು. ಆಮೇಲೆ ಅವನು ಡ್ರಾಯರಿನಿಂದ ದಾರ ತೆಗೆಯುತ್ತಾನೆ. ಮಾಂಸದ ಅಂಗಡಿಯವರು ಪೊಟ್ಟಣ ಕಟ್ಟುವ ಬಿಳಿ ದಾರ, ಈಗ ಚಹಾದ ಬಣ್ಣಕ್ಕೆ ತಿರುಗಿದೆ. ಅದರಲ್ಲಿ ಸಮ ಅಂತರಕ್ಕೆ ಗಂಟುಗಳಿವೆ. ಗಂಟಿನಿಂದ ಗಂಟಿಗೆ ನಕಾಶೆಯ ಮೇಲೆ ನೂರಿಪ್ಪತ್ತು ಕಿಲೋಮೀಟರು: ನಮ್ಮೊಳಗೆ ಅತಿ ಹೆಚ್ಚು ಪೆಟ್ರೋಲು ಕುಡಿಯುವ ಗಾಡಿ ಕಾಲು ಟ್ಯಾಂಕು ಉಳಿಸಿಕೊಂಡು ಹೋಗಬಹುದಾದ ದೂರ. ದಾರವನ್ನು ಹಾದಿಯ ಗೆರೆಯ ಮೇಲೆ ಬಳುಕಿಸುತ್ತ ಇಡುತ್ತಾನೆ. ಒಂದನೇ ಗಂಟು ಬಿದ್ದಲ್ಲಿ ಪೆಟ್ರೋಲು ಇರಬೇಕು, ಎರಡನೇ ಗಂಟು ಬಿದ್ದಲ್ಲಿ ಹಾಸಿಗೆ ಇರಬೇಕು. ಇಲ್ಲದಿದ್ದರೆ ಹಾದಿ ಬದಲಾಗಬೇಕೇ ಹೊರತು ಗಂಟು ಬದಲಾಗುವುದಿಲ್ಲ. ಇದು ಅವನ ಕಾನೂನು. ಫೋನಿನಲ್ಲೇ ಎಲ್ಲ ಕಾಣುವ ಕಾಲದಲ್ಲಿ ಈ ದಾರ ಯಾಕೆ ಎಂದು ಕೇಳಿದರೆ, ಮೈನಸ್ ಮೂವತ್ತರಲ್ಲಿ ದಾರದ ಬ್ಯಾಟರಿ ಸಾಯುವುದಿಲ್ಲ ಎನ್ನುತ್ತಾನೆ.

ಈ ಸಲ ಯಾನಿಕ್ ಬರುವಾಗಲೇ ಕುಣಿಯುತ್ತ ಬಂದ. ಅವನು ವಯರಿಂಗ್ ಕೆಲಸದವನು, ನಲವತ್ತೊಂದು ವರ್ಷ, ನಮ್ಮಲ್ಲಿ ಕಿರಿಯ. ಡಿಸೆಂಬರಿನಲ್ಲಿ ಹೊಸ ಗಾಡಿ ಕೊಂಡಿದ್ದ. ದಿನಕ್ಕೆ ಮುನ್ನೂರು ಕಿಲೋಮೀಟರು ಹೊಡೆದರೆ ಉತ್ತರದ ದೊಡ್ಡ ಅಣೆಕಟ್ಟಿನವರೆಗೂ ಹೋಗಿ ಬರಬಹುದು ಎಂದು ಅವನ ವಾದ. ಉಳಿದವರು ಮಿಲ್ಲಿನಲ್ಲಿ ಕೆಲಸ ಮಾಡುವ ವಿಯಾತರ್, ಗ್ರಾಸಿಯಾನ್ ಎಂಬ ಅಣ್ಣತಮ್ಮಂದಿರು, ಮತ್ತು ವಿಯಾತರನ ಹೆಂಡತಿ ಸೊಲಾಂಜ್. ಆ ಅಣ್ಣತಮ್ಮಂದಿರು ವರ್ಷಕ್ಕೆ ಆಡುವ ಮಾತನ್ನು ಸೊಲಾಂಜ್ ಒಂದು ಊಟದಲ್ಲಿ ಮುಗಿಸುತ್ತಾಳೆ.

ರೊಜೇರ್ ದಾರ ಇಟ್ಟ. ಎರಡನೇ ಗಂಟು ಕರಡಿ ಬೆಟ್ಟ ದಾಟಬೇಕಿತ್ತು, ದಾಟಲಿಲ್ಲ. ಬೆಟ್ಟಕ್ಕಿಂತ ಎಷ್ಟೋ ಮೊದಲು, ನೀರುನಾಯಿ ಕೆರೆಯ ತಂಗುಮನೆಯ ಮೇಲೆ ಬಂದು ಕೂತಿತು. ದಿನಕ್ಕೆ ನೂರೈವತ್ತು ಕಿಲೋಮೀಟರೂ ಆಗುವುದಿಲ್ಲ.

"ಇದೇನಿದು, ಅಜ್ಜಿಯರ ಮೆರವಣಿಗೆನಾ?" ಎಂದ ಯಾನಿಕ್. "ಮಧ್ಯಾಹ್ನಕ್ಕೇ ಹೋಗಿ ಮಲ್ಕೊಳ್ಳೋದಾದ್ರೆ ಮನೇಲೇ ಮಲ್ಕೋಬಹುದಿತ್ತಲ್ಲ."

ಈ ವರ್ಷ ಕೆರೆಗಳು ತಡವಾಗಿ ಹೆಪ್ಪುಗಟ್ಟಿವೆ, ಹಾದಿ ಒರಟಾಗಿದೆ ಎಂದು ರೊಜೇರ್ ಗೊಣಗಿದ. ಅದು ಸುಳ್ಳು. ನವೆಂಬರಿನಲ್ಲೇ ಬಿದ್ದ ಚಳಿಗೆ ನನ್ನ ಅಂಗಡಿಯ ನಲ್ಲಿ ಒಡೆದಿತ್ತು. ನಾನು ದಾರವನ್ನೇ ನೋಡುತ್ತಿದ್ದೆ. ಗಂಟುಗಳ ನಡುವೆ ಅಲ್ಲಲ್ಲಿ ದಾರ ಸುಕ್ಕುಗಟ್ಟಿತ್ತು. ಇಪ್ಪತ್ತೇಳು ವರ್ಷ ಗಂಟಾಗಿದ್ದ ಜಾಗಗಳವು. ಯಾರೋ ಸೂಜಿ ಹಾಕಿ ತಾಳ್ಮೆಯಿಂದ ಬಿಚ್ಚಿ, ಹತ್ತಿರ ಹತ್ತಿರ ಹೊಸ ಗಂಟು ಹಾಕಿದ್ದರು. ರೊಜೇರನ ಬೆರಳು ದಪ್ಪ, ಅವನಿಗೆ ಅದು ಆಗದ ಕೆಲಸ. ನಾನು ಯುಗೆತಳ ಕಡೆ ನೋಡಿದೆ. ಅವಳು ತಟ್ಟನೆ ಎದ್ದು ಓವನ್ನಿನಲ್ಲಿದ್ದ ಮಾಂಸದ ಪೈ ನೋಡಲು ಹೋದಳು.

ಆಮೇಲೆ ರೊಜೇರ್ ಎಂದಿನಂತೆ ತಂಗುಮನೆಗಳಿಗೆ ಫೋನು ಹಚ್ಚಿದ. ಪ್ರತಿ ವರ್ಷ ಅವನು ಕೇಳುವುದು ಎರಡೇ: ಬೂಟು ಒಣಗಿಸಲು ಜಾಗ ಇದೆಯೇ, ರಾತ್ರಿ ಊಟ ಎಷ್ಟು ಹೊತ್ತಿನವರೆಗೆ. ಈ ಸಲ ಮೂರನೆಯದು ಸೇರಿತು. "ಮೂರು ಗಂಟೆಗೇ ಬೀಗದ ಕೈ ಸಿಗುತ್ತಾ?" ನಾಲ್ಕೂ ಕಡೆ ಅದನ್ನೇ ಕೇಳಿದ.

ಆಗ ನನಗೆ ಹೋದ ವರ್ಷದ ಯಾತ್ರೆಯ ಕೊನೆಯ ದಿನ ನೆನಪಿಗೆ ಬಂತು. ನಮ್ಮ ಹಾದಿಗಳಲ್ಲಿ ಒಂದು ರೂಢಿ ಇದೆ. ಎದುರಿಗೆ ಬೇರೆಯವರು ಬಂದರೆ ಮೊದಲನೆಯವನು ಎಡಗೈ ಎತ್ತಿ, ತನ್ನ ಹಿಂದೆ ಎಷ್ಟು ಗಾಡಿ ಇವೆಯೋ ಅಷ್ಟು ಬೆರಳು ತೋರಿಸುತ್ತಾನೆ. ಆರು ಜನರ ಸಾಲಿಗೆ ಅವನದು ಐದು, ನನ್ನದು ನಾಲ್ಕು, ಹಾಗೇ ಇಳಿಯುತ್ತ ಹೋಗಿ ಕೊನೆಯವನು ಮುಷ್ಟಿ ತೋರಿಸುತ್ತಾನೆ, ಇನ್ನು ಯಾರೂ ಇಲ್ಲ ಎಂದು. ತಿರುವಿನಾಚೆ ಇನ್ನೊಂದು ಗಾಡಿ ಇದೆಯೋ ಇಲ್ಲವೋ ಎಂಬುದು ಜೀವದ ವಿಷಯ. ಅವತ್ತು ಸಂಜೆ ನಾಲ್ಕೂವರೆ, ಮೋಡ, ಹಿಮಕ್ಕೂ ಆಕಾಶಕ್ಕೂ ವ್ಯತ್ಯಾಸವೇ ಇಲ್ಲ. ಎದುರಿಗೆ ನಾಲ್ಕು ಗಾಡಿ ಬಂದವು. ರೊಜೇರನ ಕೈ ಏಳಲಿಲ್ಲ. ಅಷ್ಟೇ ಅಲ್ಲ, ಅವನು ಹಾದಿಯ ನಡುವಿನಲ್ಲೇ ಇದ್ದ. ಎದುರಿನವನು ಗಾಡಿಯನ್ನು ಹಿಮದ ದಿಬ್ಬಕ್ಕೆ ಹತ್ತಿಸಿ ಜೀವ ಉಳಿಸಿಕೊಂಡ. ಹೆಲ್ಮೆಟ್ಟಿನ ಗಾಜು ಮಂಜಾಗಿತ್ತು ಎಂದ ರೊಜೇರ್. ನಂಬಿದೆ ಎಂದು ತಲೆಯಾಡಿಸಿದೆ. ನಂಬಿರಲಿಲ್ಲ.

ಯಾನಿಕ್ ಇನ್ನೂ ಬಿಡದೆ, ತಾನೇ ಫೋನಿನಲ್ಲಿ ದಾರಿ ಹಾಕುತ್ತೇನೆ, ತಾನೇ ಮುಂದೆ ಹೋಗುತ್ತೇನೆ, ರೊಜೇರ್ ಆರಾಮಾಗಿ ಹಿಂದೆ ಬರಲಿ ಎಂದು ಶುರು ಮಾಡಿದ. ರೊಜೇರ್ ದಾರವನ್ನು ಬೆರಳಿಗೆ ಸುತ್ತುತ್ತ ಕೂತುಬಿಟ್ಟ, ಮುಖ ಸೂಪಿನ ಬಟ್ಟಲಿನ ಕಡೆಗೆ. ನನಗೆ ತಡೆಯಲಾಗಲಿಲ್ಲ.

"ದೂರ ಕಮ್ಮಿ ಮಾಡು ಅಂತ ಹೇಳಿದ್ದು ನಾನೇ," ಎಂದೆ. "ನನ್ನ ಸೊಂಟ ಹಿಡ್ಕೊಂಡಿದೆ. ದಿನಾ ಎಂಟು ಗಂಟೆ ಕೂರಕ್ಕಾಗಲ್ಲ. ಅಜ್ಜಿ ಅಂದ್ಯಲ್ಲ, ಆ ಅಜ್ಜಿ ನಾನು."

ಯಾನಿಕ್ ಪೆಚ್ಚಾದ. ಸೊಲಾಂಜ್ ತನ್ನ ಸೊಂಟದ ಕಥೆ ತೆಗೆದಳು, ಪೈ ಮುಗಿಯುವವರೆಗೂ ಅದೇ ನಡೆಯಿತು. ಯೋಜನೆ ಒಪ್ಪಿಗೆಯಾಯಿತು.

ಗುರುವಾರ ರೊಜೇರ್ ಕ್ಷೌರಕ್ಕೆ ಬಂದ. ಹೋದ ವಾರವಷ್ಟೇ ಮಾಡಿಸಿಕೊಂಡಿದ್ದ, ಕತ್ತರಿಸಲು ಏನೂ ಇರಲಿಲ್ಲ. ಕುರ್ಚಿಯಲ್ಲಿ ಕೂತ. ನಾನೂ ಬಟ್ಟೆ ಹೊದಿಸಿ ಸುಮ್ಮನೆ ಬಾಚಣಿಗೆ ಆಡಿಸಿದೆ.

"ನಿನ್ನ ಸೊಂಟಕ್ಕೆ ಏನಾಗಿದೆ?" ಎಂದು ಕನ್ನಡಿಯಲ್ಲಿ ನನ್ನನ್ನು ಕೇಳಿದ.

"ಏನೂ ಆಗಿಲ್ಲ. ನಿನ್ನ ಕಣ್ಣಿಗೇನಾಗಿದೆ?"

ಅವನು ಹೊರಗೆ ಹೋಗುತ್ತಿದ್ದ ಹಿಮ ತೆಗೆಯುವ ಲಾರಿಯ ಕಡೆ ತಿರುಗಿದ. ಬಣ್ಣ ಕಾಣುತ್ತದೆ, ಬಿಳಿಯ ಮೇಲೆ ಬಿಳಿ ಕಾಣುವುದಿಲ್ಲ ಎಂದ ಆಮೇಲೆ. ಗುಂಡಿ, ದಿಬ್ಬ, ಹಾದಿಯ ಅಂಚು ಎಲ್ಲ ಒಂದೇ ಹಾಳೆ. ಸಂಜೆಯಾದರೆ ಅದೂ ಇಲ್ಲ. ಡಾಕ್ಟರು ಹಗಲು ಓಡಿಸಬಹುದು, ಕತ್ತಲಿಗೆ ಮುಂಚೆ ನಿಲ್ಲಿಸಬೇಕು ಎಂದಿದ್ದರಂತೆ. ಅದಕ್ಕೇ ಗಂಟು ಬಿಚ್ಚಿದ್ದು. ಗುಟ್ಟು ಕಾಪಾಡುತ್ತೇನೆ ಎಂದು ಯುಗೆತ್ ಮಾತು ಕೊಟ್ಟಿದ್ದಳಂತೆ, ಮೂವತ್ತು ವರ್ಷದಲ್ಲಿ ಅವಳು ಕಾಪಾಡಿದ ಮೊದಲ ಗುಟ್ಟು.

"ಮೂರು ಗಂಟೆಗೆ ಸೇರ್ಕೊಂಡ್ರೆ ತೊಂದ್ರೆ ಇಲ್ಲ ಕಣೇ," ಎಂದ. "ಲೆಕ್ಕ ಹಾಕಿದೀನಿ."

ನಾನು ಬಾಚಣಿಗೆ ಇಟ್ಟೆ. ಅಡುಗೆಮನೆಯಲ್ಲಿ ಅವನ ಪರ ಸುಳ್ಳು ಹೇಳುವುದು ಸುಲಭವಾಗಿತ್ತು. ಅವನ ಮುಖಕ್ಕೇ ನಿಜ ಹೇಳುವುದು ಕಷ್ಟ. ಹೇಳಿದರೆ ಅವನು ಯಾತ್ರೆಯನ್ನೇ ಬಿಟ್ಟುಬಿಡಬಹುದು, ಬಿಟ್ಟರೆ ಒಳಗೊಳಗೇ ಕುಸಿದುಹೋಗುತ್ತಾನೆ ಎಂದು ನನಗೆ ಗೊತ್ತಿತ್ತು. ಹೇಳದಿದ್ದರೆ ಇನ್ನೊಬ್ಬರ ಮನೆಯವರು ಅಳಬೇಕಾಗಬಹುದು.

"ದೂರ ಕಮ್ಮಿ ಮಾಡಿದ್ರೆ ಮೋಡ ಕಮ್ಮಿ ಆಗಲ್ಲ, ರೊಜೇರ್," ಎಂದೆ. "ಮೋಡ ಮಧ್ಯಾಹ್ನ ಹನ್ನೆರಡಕ್ಕೂ ಬರುತ್ತೆ. ಹೋದ ವರ್ಷ ಆ ನಾಲ್ಕು ಜನಕ್ಕೆ ನೀನು ಕೈ ಎತ್ತಲಿಲ್ಲ. ನಾನು ನಿನ್ನ ಹಿಂದೇನೇ ಇದ್ದೆ."

ಹೊದಿಸಿದ್ದ ಬಟ್ಟೆಯನ್ನು ಅವನು ತಾನೇ ತೆಗೆದು, ಟೋಪಿ ಹಾಕಿಕೊಂಡು ಹೊರಟುಹೋದ. ಅವತ್ತು ಮುಂದಿನ ಗಿರಾಕಿಯ ಮುಂಗೂದಲನ್ನು ಹಾಳು ಮಾಡಿದೆ.

ಆಮೇಲೆ ಮೂರು ವಾರ ಅವನು ಅಂಗಡಿಯ ಕಡೆ ತಲೆ ಹಾಕಲಿಲ್ಲ. ಇಗರ್ಜಿಯಲ್ಲಿ ಸಿಕ್ಕರೂ ಕಂಬದ ಆ ಕಡೆ ಕೂರುತ್ತಿದ್ದ. ಯುಗೆತಳನ್ನು ಕೇಳಿದರೆ, ಮುದುಕ ಗ್ಯಾರೇಜಿನಲ್ಲೇ ಇರುತ್ತಾನೆ, ಗಾಡಿ ಒರೆಸುತ್ತಾನೋ ಮಾರಲು ಇಟ್ಟಿದ್ದಾನೋ ತನಗೇನು ಗೊತ್ತು ಎಂದಳು.

ಹೊರಡುವ ದಿನ ಬೆಳಿಗ್ಗೆ ಎಂಟಕ್ಕೆ ಪೆಟ್ರೋಲ್ ಬಂಕಿನಲ್ಲಿ ಸೇರಿದೆವು. ಐದೇ ಗಾಡಿ. ಯಾನಿಕ್ ಗಡಿಯಾರ ನೋಡಿ ನಗುವುದಕ್ಕೂ ಕಿತ್ತಳೆ ಜಾಕೆಟ್ಟು ಮೂಲೆ ತಿರುಗುವುದಕ್ಕೂ ಸರಿಹೋಯಿತು. ರೊಜೇರ್ ಎಂದಿನಂತೆ ಯಾರ ಹಿಂದೆ ಯಾರು ಎಂದು ಬರೆದ ಚೀಟಿಗಳನ್ನು ಹಂಚಿದ. ಮೊದಲ ಹೆಸರು ಕೊಲೊಂಬ್. ಆಮೇಲೆ ಸೊಲಾಂಜ್, ಅಣ್ಣತಮ್ಮಂದಿರು, ಐದನೆಯದು ಯಾನಿಕ್. ಕೊನೆಗೆ ರೊಜೇರ್.

ಯಾನಿಕ್ ಚೀಟಿಯನ್ನು ಎರಡು ಸಲ ಓದಿ, ಮುಂದೆ ಹೋಗುವುದು ತಾನಲ್ಲವೇ, ಹೊಸ ಗಾಡಿ ಇಟ್ಟುಕೊಂಡು ಐದನೆಯವನಾಗಬೇಕೇ ಎಂದು ಕೇಳಿದ.

"ಹೊಸ ಗಾಡಿ ಅಂತಲೇ ಐದನೇದು," ಎಂದ ರೊಜೇರ್, ಎಲ್ಲರಿಗೂ ಕೇಳುವ ಹಾಗೆ. "ನನ್ನ ಕಣ್ಣು ಹೋಗ್ತಾ ಇದೆ. ಹಿಮದಲ್ಲಿ ಹಾದಿ ಕಾಣಲ್ಲ, ಕೆಂಪು ದೀಪ ಕಾಣುತ್ತೆ. ನಿನ್ನ ಹಿಂದಿನ ದೀಪ ಹೆಂಡದಂಗಡಿ ಬೋರ್ಡು ಇದ್ದ ಹಾಗಿದೆ. ಐದು ದಿನ ನಾನು ಅದನ್ನೇ ನೋಡ್ಕೊಂಡು ಬರ್ತೀನಿ. ನನ್ನ ಕಣ್ಣಿಂದ ದೂರ ಹೋಗಬೇಡ."

ಯಾನಿಕ್ ಹೆಲ್ಮೆಟ್ಟನ್ನು ಕೈಯಲ್ಲೇ ತಿರುಗಿಸುತ್ತ ನಿಂತ. ಹೋಗುವುದಿಲ್ಲ ಎಂದ ಕೊನೆಗೆ, ಸಣ್ಣ ದನಿಯಲ್ಲಿ. ಅವನ ಮೇಲಿದ್ದ ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ರೊಜೇರ್ ನನ್ನ ಹತ್ತಿರ ಬಂದು ದಾರವನ್ನು ಕೈಗಿಟ್ಟ. "ಗಂಟು ಹತ್ತಿರಾನೇ ಇರ್ಲಿ," ಎಂದ. "ನಿನ್ನ ಸೊಂಟ ಬೇರೆ ಸರಿ ಇಲ್ಲ."

ಉದ್ದ ಕೆರೆಯ ಮೇಲೆ ಬಿಸಿಲಿತ್ತು. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ನನ್ನ ಮುಂದೆ ಯಾರ ಬೆನ್ನೂ ಇರಲಿಲ್ಲ, ಕೆರೆ ಇಷ್ಟು ಅಗಲ ಎಂದು ಗೊತ್ತೇ ಇರಲಿಲ್ಲ. ಆಚೆ ದಡದ ತಿರುವಿನಲ್ಲಿ ಎದುರಿಗೆ ಮೂರು ಗಾಡಿ ಬಂದವು. ಎಡಗೈ ಎತ್ತಿದೆ. ಎರಡನೆಯವಳಾಗಿದ್ದ ಅಭ್ಯಾಸಕ್ಕೆ ನಾಲ್ಕು ಬೆರಳು ಎದ್ದಿದ್ದವು, ಹೆಬ್ಬೆರಳು ಅಂಗೈಯೊಳಗೆ ಮಡಚಿತ್ತು. ನಾಲ್ಕನ್ನು ಎಣಿಸಿ ಹಾದಿ ಖಾಲಿ ಎಂದುಕೊಂಡು ಅವರು ನಡುವಿಗೆ ಸರಿದರೆ ಸಿಗುವವನು ಕೊನೆಯಲ್ಲಿರುವ ರೊಜೇರ್. ಹೆಬ್ಬೆರಳು ಬಿಡಿಸಿ, ಅವರು ಮೂವರೂ ನನ್ನನ್ನು ದಾಟುವವರೆಗೆ ಐದು ಬೆರಳನ್ನೂ ಎತ್ತಿ ಹಿಡಿದೇ ಇದ್ದೆ.

ಆಮೇಲೆ ನಿಧಾನ ಮಾಡಿ ಹಿಂದಕ್ಕೆ ನೋಡಿದೆ. ಸಾಲು ತಿರುವಿನಲ್ಲಿ ಬಾಗಿತ್ತು, ಎಲ್ಲರೂ ಕಾಣುತ್ತಿದ್ದರು. ಕೊನೆಯಲ್ಲಿ ಯಾನಿಕನ ಹೊಸ ಗಾಡಿ, ಅದರ ಬೆನ್ನಿಗೇ ಕಿತ್ತಳೆ ಜಾಕೆಟ್ಟು, ಎಡಗೈ ಮೇಲೆ, ಮುಷ್ಟಿ ಬಿಗಿದಿತ್ತು. ಎದುರಿನವರು ಆಗಲೇ ದಾಟಿ ಹೋಗಿದ್ದರು. ಅವನು ಕೈ ಇಳಿಸಲಿಲ್ಲ. ನಾನು ನೋಡಿದೆನೆಂದು ಕೈ ಆಡಿಸಿದ ಮೇಲೆಯೇ ಇಳಿಸಿದ.