ಟವಲಿನ ಕೆಳಗಿನ ಬೆಕ್ಕಿನ ಮರಿ

ದನದ ಸಂತ್ಯಾಗ ಯಾರಿಗೂ ಕಾಣದಂಗ ಟವಲಿನ ಕೆಳಗ ಬೆರಳು ಹಿಡಿದು ದರ ಹೇಳಿ ವ್ಯಾಪಾರ ಮಾಡಿದ ಕೈ ನಂದು. ಈ ಕೈ ಕಂಡ್ರ ಹಾಯೋ ಹೋರಿ ಸುದ್ದಾ ತಾನಾಗಿ ಕೊರಳು ಕೊಡ್ತಿತ್ತು. ನಂಬೋರು ನಂಬ್ರಿ.

ಮೊಮ್ಮಗಳು ಒಂದು ನಾಯಿಮರಿ, ಒಂದು ಬೆಕ್ಕಿನ ಮರಿ ಎತ್ಕೊಂಡು ಬಂದ್ಳು. ಸೊಸಿ ಬಾಗಿಲಾಗ ನಿಂತು, "ಮಾವಾ, ಸೂಜಿ ಹಾಕಿಸದ ಇವು ಒಳಗ ಬರಂಗಿಲ್ಲ" ಅಂದ್ಳು. ಹುಡುಗಿ ಅಳಾಕ ಹತ್ತಿದ್ಳು. ನಾ ಎರಡನ್ನೂ ಬುಟ್ಯಾಗ ಇಟ್ಕೊಂಡು ಗೋನೆಗಂಡ್ಲದಾಗ ಆದೋನಿ ಬಸ್ ಹತ್ತಿದೆ.

ದನದ ದವಾಖಾನ್ಯಾಗ ನಾಯಿಮರಿ ಬಾಲ ಅಲ್ಲಾಡಿಸ್ಕೋತನ ಸೂಜಿ ತಗೊಂತು. ಬೆಕ್ಕಿನ ಮರಿ ಮಾತ್ರ ಕಾಂಪೌಂಡರನ ಕೈ ಪರಚಿ ಬೀರುವಿನ ಮ್ಯಾಲ ಹತ್ತಿ ಕುಂತಿತು. ಡಾಕ್ಟರಮ್ಮ, "ಹಿಡಿಯೋರು ಇಲ್ಲಂದ್ರ ವಾಪಸ್ ತಗೊಂಡು ಹೋಗ್ರಿ ತಾತಾ" ಅಂದ್ಳು.

ನನ್ನ ಮುಂದ ಈ ಮಾತೇನು? ಹೆಗಲ ಮ್ಯಾಲಿನ ಟವಲ್ ಅದರ ಮ್ಯಾಲ ಹಾಕಿ ಕೆಳಗಿಳಿಸಿದೆ. ಸಂತ್ಯಾಗ ಹಾಕಿದಂಗ ಟವಲಿನ ಕೆಳಗ ಕೈ ಹಾಕಿ ಕತ್ತಿನ ತೊಗಲು ಹಿಡಿದೆ. ಕತ್ತಲಾಗಿದ್ದಕ್ಕ ಮರಿ ಕಲ್ಲಿನಂಗ ಕುಂತಿತು.

"ಗಟ್ಟಿಗಾ ಪಟ್ಟುಕೋ ತಾತಾ" ಅಂತ ತೆಲುಗಿನ್ಯಾಗ ಬಿಗಿ ಹಿಡಿಯಾಕ ಹೇಳಿ ಡಾಕ್ಟರಮ್ಮ ಟವಲಿನ ಅಂಚು ಎತ್ತಿ ಸೂಜಿ ಚುಚ್ಚಿದ್ಳು. ಮರಿ ಮಿಯಾಂವ್ ಅನ್ನಲಿಲ್ಲ.

ಟವಲ್ ಕಂಡು, ಕುರಿ ತಂದಿದ್ದ ಮುದುಕ ಓಡಿ ಬಂದು, "ಎಷ್ಟಕ್ಕ ಮುಗೀತಪಾ ವ್ಯಾಪಾರ?" ಅಂದ. ಬೆಕ್ಕಿನ ಮರಿ ತೋರಿಸಿ, "ಆದೋನಿ ಬರದು ಕೊಟ್ರೂ ಇದನ್ನ ಕೊಡಂಗಿಲ್ಲ" ಅಂದೆ. ಆತ ನಕ್ಕೋತ, "ಒಂದು ಕುರಿ ಕೊಡ್ತೀನಿ, ಮರಿ ಕೊಡು" ಅಂದ.

ಸಂಜಿಗೆ ಸೊಸಿ ಬಾಗಿಲು ಬಿಟ್ಟು ಸರಿದ್ಳು. ಎರಡೂ ಮರಿ ಮೊಮ್ಮಗಳ ಮಡಿಲಿಗೆ ಹಾರಿದವು. ನಾ ಮನಿ ಮುಟ್ಟೂದ್ರಾಗ ನನ್ನ ಬಾಯಾಗ ಆ ಒಂದು ಕುರಿ ಹತ್ತು ಕುರಿ ಆಗಿತ್ತು.